ಮಕ್ಕಳಿಗೆ ಸುವಾರ್ತೆ, ನಾಡಿಗೆ ಸಮಾಚಾರ: ಹರ್ಮನ್ ಮೋಗ್ಲಿಂಗ್ ಬದುಕು

ದಾವಣಗೆರೆ: ಜುಲೈ 1 ಕರ್ನಾಟಕದ ಪತ್ರಕರ್ತರ ಪಾಲಿಗೆ ಪತ್ರಿಕಾ ದಿನ. ದಾವಣಗೆರೆ, ಹರಿಹರ ಮೊದಲ್ಗೊಂಡು ರಾಜ್ಯದ ಎಲ್ಲೆಡೆ ಅಂದು ನೆನಪಾಗುವ ಹೆಸರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದು ಕನ್ನಡ ಪತ್ರಿಕೋದ್ಯಮಕ್ಕೆ ಬುನಾದಿ ಹಾಕಿದ ಜರ್ಮನ್ ಪಾದ್ರಿ ಅವರು. ಆದರೆ ಪತ್ರಿಕೆ ನಡೆಸಲೆಂದು ಅವರು ಕನ್ನಡ ನಾಡಿಗೆ ಬಂದವರಲ್ಲ. ತಾವು ನಂಬಿದ ಕ್ರೈಸ್ತ ಧರ್ಮವನ್ನು ಈ ನಾಡಿನ ಬಾಲಕರಿಗೆ ಕಲಿಸಿ, ಆ ಬಾಲಕರೇ ಮುಂದೆ ಅದನ್ನು ತಮ್ಮವರಿಗೆ ತಮ್ಮ ಮಾತಿನಲ್ಲಿ ಹೇಳುವಂತೆ ಮಾಡುವುದು ಅವರ ಜೀವಿತದ ಸಂಕಲ್ಪವಾಗಿತ್ತು. ಪತ್ರಿಕೆ, ಪುಸ್ತಕ, ಗಾದೆ, ಹಾಡು ಎಲ್ಲವೂ ಆ ಸಂಕಲ್ಪದ ಬೆನ್ನಿಗೆ ಬಂದವು. ಆ ಹಾದಿಯಲ್ಲಿ ಅವರು ಗಳಿಸಿದ್ದೇನು, ಅದಕ್ಕಾಗಿ ಇಲ್ಲಿನ ಮನೆಗಳು ತೆತ್ತ ಬೆಲೆ ಏನು ಎಂಬುದು ಪತ್ರಿಕಾ ದಿನದ ಭಾಷಣಗಳಲ್ಲಿ ಅಪರೂಪಕ್ಕೆ ಪ್ರಸ್ತಾಪವಾಗುವ ವಿಷಯ.

ವುರ್ಟೆಂಬರ್ಗಿನಿಂದ ಮಂಗಳೂರಿಗೆ

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ ಜನಿಸಿದ್ದು 1811ರ ಮೇ 29ರಂದು, ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ. ಆ ಸೀಮೆಯ ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ಭಕ್ತಿಪಂಥವೊಂದು ಆಳವಾಗಿ ಬೇರೂರಿತ್ತು. ಧರ್ಮವೆಂದರೆ ಚರ್ಚಿನ ವಿಧಿಯಷ್ಟೇ ಅಲ್ಲ, ಮನೆಯಲ್ಲಿ ನಿತ್ಯವೂ ನಡೆಯಬೇಕಾದ ಓದು, ಪ್ರಾರ್ಥನೆ ಮತ್ತು ಗಾಯನ ಎಂಬುದು ಆ ಪಂಥದ ತಿಳಿವಳಿಕೆ. ತಾನು ಪಡೆದ ಅನುಭವವನ್ನು ಮತ್ತೊಬ್ಬರಿಗೆ ತಿಳಿಸದೆ ಸುಮ್ಮನಿರುವುದು ತಪ್ಪು ಎಂಬ ಭಾವನೆಯೂ ಅದರೊಡನೆ ಬೆಳೆದಿತ್ತು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದ ಮೋಗ್ಲಿಂಗ್, ಸ್ವಿಟ್ಜರ್ಲೆಂಡಿನಲ್ಲಿ 1815ರಲ್ಲಿ ಸ್ಥಾಪನೆಗೊಂಡಿದ್ದ ಬಾಸೆಲ್ ಮಿಶನ್ ಸೇರಿದರು.

ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯಲ್ಲಿದ್ದ ಭಾರತದಲ್ಲಿ ಬ್ರಿಟಿಷರಲ್ಲದ ಮಿಶನರಿಗಳಿಗೆ ಬಾಗಿಲು ತೆರೆದದ್ದು 1833ರ ಸನದು ಕಾಯಿದೆಯ ನಂತರ. ಮರುವರ್ಷವೇ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷಗಳ ತರುವಾಯ, 1836ರ ಕೊನೆಯಲ್ಲಿ, ಮೋಗ್ಲಿಂಗ್ ಆಗಮಿಸಿದರು. ಆಗ ಅವರಿಗೆ 25 ವರ್ಷ. ಅವರು ಬಂದ ಕೆಲವೇ ತಿಂಗಳಲ್ಲಿ, 1837ರ ಏಪ್ರಿಲ್‌ನಲ್ಲಿ, ಅಮರಸುಳ್ಯದ ರೈತ ದಂಗೆ ಮಂಗಳೂರನ್ನು ಮುಟ್ಟಿತು. ಪರಕೀಯರ ಬಗ್ಗೆ ಜನರಲ್ಲಿ ಶಂಕೆ ತುಂಬಿದ್ದ ಆ ಕಾಲದಲ್ಲಿ ಮೋಗ್ಲಿಂಗ್ ಕನ್ನಡ ಕಲಿಯತೊಡಗಿದರು.

ಒಂದೇ ಸೂರು, ಒಂದೇ ಪಂಕ್ತಿ

ಪೇಟೆಯಲ್ಲಿ ನಿಂತು ಉಪದೇಶ ಮಾಡುವ ವಿದೇಶೀಯನ ಮಾತನ್ನು ಜನ ಕುತೂಹಲದಿಂದ ಕೇಳಿ ಮರೆತುಬಿಡುತ್ತಾರೆ ಎಂಬುದು ಬಾಸೆಲ್ ಮಿಶನರಿಗಳಿಗೆ ಬಹುಬೇಗ ಮನವರಿಕೆಯಾಯಿತು. ಈ ನೆಲದ ಭಾಷೆ, ನಡೆನುಡಿ ಬಲ್ಲ ಇಲ್ಲಿಯವರೇ ಬೋಧಕರಾಗಬೇಕು. ಅದಕ್ಕೆ ಎಳವೆಯಿಂದಲೇ ಶಿಕ್ಷಣ ಕೊಡಬೇಕು ಎಂಬ ನಿರ್ಧಾರಕ್ಕೆ ಮೋಗ್ಲಿಂಗ್ ಬಂದರು. ಮಂಗಳೂರಿನಲ್ಲಿ ಬಾಲಕರ ವಸತಿ ಶಾಲೆಯ ಹೊಣೆಯನ್ನು ಅವರು ಹೊತ್ತುಕೊಂಡದ್ದು ಈ ಹಿನ್ನೆಲೆಯಲ್ಲಿ.

ಶಾಲೆಯ ಬೋಧನೆ ಕನ್ನಡದಲ್ಲಿ ನಡೆಯುತ್ತಿತ್ತು. ಮೋಗ್ಲಿಂಗ್ ಹುಡುಗರೊಡನೆ ವಾಸಿಸುತ್ತ, ಅವರ ದಿನಚರಿಯಲ್ಲಿ ಪಾಲುಗೊಳ್ಳುತ್ತಿದ್ದರು. ಜಾತಿ ಭೇದಕ್ಕೆ ಮಿಶನ್ ಅವಕಾಶ ನೀಡಿರಲಿಲ್ಲ. ಬೇರೆ ಬೇರೆ ಕುಲಗಳ ಹುಡುಗರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಅಂದಿನ ಕರಾವಳಿಯಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಅಕ್ಷರ ಲೋಕದಿಂದ ದೂರವಿದ್ದ ಮನೆಗಳ ಮಕ್ಕಳಿಗೆ ಅದು ಮೊದಲ ಓದು. ಅದೇ ಹೊತ್ತಿಗೆ, ಆ ಪಂಕ್ತಿಯಲ್ಲಿ ಒಮ್ಮೆ ಉಂಡ ಹುಡುಗನಿಗೆ ತನ್ನ ಹಳೆಯ ಮನೆಯ ಪಂಕ್ತಿಗೆ ಮರಳುವ ದಾರಿ ಮುಚ್ಚಿಹೋಗುತ್ತಿತ್ತು.

ಬೈಬಲಿನ ಕಥೆಗಳನ್ನು ಓದುವುದು, ಕನ್ನಡದಲ್ಲಿ ಪ್ರಾರ್ಥಿಸುವುದು, ಕೀರ್ತನೆ ಹಾಡುವುದು ವಿದ್ಯಾಭ್ಯಾಸದ ಭಾಗವಾಗಿತ್ತು. ಬೆಳೆದು ಉಪದೇಶಿಗಳಾದವರು ಮಿಶನರಿಗಳೊಡನೆ ಸಂತೆ, ಜಾತ್ರೆಗಳಿಗೆ ಹೋಗಿ ಜನರೊಡನೆ ಮಾತಿಗಿಳಿಯುತ್ತಿದ್ದರು. ಅಲ್ಲಿ ಬಾಯಿಪಾಠ ಸಾಲುತ್ತಿರಲಿಲ್ಲ. ಕೇಳುವವರಿಗೆ ಪುರಾಣ ಗೊತ್ತಿತ್ತು, ಗಾದೆ ಗೊತ್ತಿತ್ತು, ದಾಸರ ಪದ ಗೊತ್ತಿತ್ತು. ಅವನ್ನು ಅರಿಯದವನ ಮಾತಿಗೆ ಬೆಲೆ ಇರಲಿಲ್ಲ. ಈ ಅರಿವು ಮೋಗ್ಲಿಂಗರನ್ನು ಕನ್ನಡ ಸಾಹಿತ್ಯದ ಕಡೆಗೆ ತಿರುಗಿಸಿತು. 1847ರಲ್ಲಿ ಬೋಧಕರನ್ನು ಸಿದ್ಧಪಡಿಸುವ ಸೆಮಿನರಿ ಮಂಗಳೂರಿನಲ್ಲಿ ರೂಪುಗೊಂಡಿತು. ಇಂದು ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಇದರಲ್ಲಿಯೇ.

ಕಲ್ಲಚ್ಚಿನಲ್ಲಿ ಸಮಾಚಾರ

ಮಿಶನ್ನಿನ ಕಲ್ಲಚ್ಚಿನ ಮುದ್ರಣಾಲಯ ಮಂಗಳೂರಿನಲ್ಲಿ ಆರಂಭವಾದದ್ದು 1841ರಲ್ಲಿ. ಮತ್ತಾಯನ ಸುವಾರ್ತೆ 1842ರಲ್ಲಿ ತುಳುವಿನಲ್ಲಿ ಅಚ್ಚಾಯಿತು. ಮರುವರ್ಷ ‘ಮಂಗಳೂರ ಸಮಾಚಾರ’ ಹೊರಬಂತು. ನಾಲ್ಕು ಪುಟಗಳ ಈ ಪಾಕ್ಷಿಕದಲ್ಲಿ ಊರಿನ ಸುದ್ದಿ, ಹೊರನಾಡಿನ ಸುದ್ದಿ, ಸರಕಾರದ ಹೊಸ ಕಟ್ಟಳೆ, ನೀತಿ, ಕಥೆಗಳಿಗೆ ಸ್ಥಳವಿತ್ತು. ಧರ್ಮಪ್ರಚಾರವೇ ಗುರಿಯಾಗಿದ್ದ ಸಂಸ್ಥೆಯೊಂದು ಸಾಮಾನ್ಯ ಸುದ್ದಿಗೆ ಇಷ್ಟು ಜಾಗ ಕೊಟ್ಟದ್ದು ಗಮನಾರ್ಹ. ಓದುವ ಅಭ್ಯಾಸವೇ ಇಲ್ಲದ ಕಡೆ ಯಾವ ಪುಸ್ತಕವೂ ಫಲಿಸದು ಎಂಬ ಸರಳ ಸತ್ಯ ಮೇಷ್ಟರಾಗಿದ್ದ ಸಂಪಾದಕರಿಗೆ ತಿಳಿದಿತ್ತು. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಸ್ಥಳಾಂತರಗೊಂಡು ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು, ಬಹುಕಾಲ ಬಾಳಲಿಲ್ಲ.

ಒಬ್ಬ ವಿದ್ಯಾರ್ಥಿ, ಒಂದು ಊರಿನ ತಳಮಳ

ಪತ್ರಿಕೆ ಬಳ್ಳಾರಿಗೆ ಹೋದ ವರ್ಷವೇ ಮೋಗ್ಲಿಂಗರ ಬದುಕಿನ ಅತಿ ದೊಡ್ಡ ವಿವಾದವೂ ಎದುರಾಯಿತು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ ಮಂಗಳೂರಿನ ಮಿಶನ್ ಇಂಗ್ಲಿಷ್ ಶಾಲೆಯ ವಿದ್ಯಾರ್ಥಿ. ಇಂಗ್ಲಿಷ್ ಕಲಿತರೆ ಕಂಪನಿ ಸರಕಾರದಲ್ಲಿ ಉದ್ಯೋಗ ದೊರೆಯುತ್ತದೆಂಬ ಆಸೆಯಿಂದ ಊರಿನ ಅನುಕೂಲಸ್ಥರು ಮಕ್ಕಳನ್ನು ಅಂಥ ಶಾಲೆಗೆ ಕಳುಹಿಸುತ್ತಿದ್ದರು. 1844ರ ಜನವರಿ 6ರಂದು ಆನಂದರಾಯರು ಇಬ್ಬರು ಸಂಗಾತಿಗಳೊಡನೆ ದೀಕ್ಷಾಸ್ನಾನ ಪಡೆದರು. ಗುರುವಿನ ಹೆಸರನ್ನು ತಮ್ಮ ಹೆಸರಿಗೆ ಸೇರಿಸಿಕೊಂಡು ಹರ್ಮನ್ ಆನಂದರಾವ್ ಕೌಂಡಿನ್ಯರಾದರು. ಆಗ ಅವರಿಗೆ 18 ವರ್ಷ, ಮದುವೆಯೂ ಆಗಿತ್ತು.

ಊರು ಕೆರಳಿತು. ವಿದ್ಯೆಗೆಂದು ಕಳುಹಿಸಿದ ಮಗ ಧರ್ಮವನ್ನೇ ಬದಲಿಸಿದನೆಂಬುದು ಮನೆಯವರ ಪಾಲಿಗೆ ಜೀವಂತ ಮಗನನ್ನು ಕಳೆದುಕೊಂಡ ದುಃಖ. ಜಾತಿಯಿಂದ ಹೊರಗಾದವನಿಗೆ ಮನೆಯಿಲ್ಲ, ಬಂಧುಗಳಿಲ್ಲ. ಮತ ಬದಲಿಸಿದವರ ಆಸ್ತಿಹಕ್ಕನ್ನು ಉಳಿಸಿದ ಕಾಯಿದೆ ಬಂದದ್ದು 1850ರಲ್ಲಿ. ಪತ್ನಿ ಆನಂದರಾಯರ ಜೊತೆ ಬರಲಿಲ್ಲ. 1846ರಲ್ಲಿ ಬಾಸೆಲ್‌ಗೆ ತೆರಳಿದ ಅವರು ಅಲ್ಲಿ ಐದು ವರ್ಷ ವ್ಯಾಸಂಗ ಮಾಡಿ, 1851ರಲ್ಲಿ ಪಾದ್ರಿದೀಕ್ಷೆ ಪಡೆದು ಸ್ವದೇಶಕ್ಕೆ ಮರಳಿದರು. ಸೆಮಿನರಿಯಲ್ಲಿ ಬೋಧಕರಾಗಿ ತಮ್ಮಂಥದೇ ಹುಡುಗರಿಗೆ ಪಾಠ ಹೇಳಿದರು. 1860ರಲ್ಲಿ ವುರ್ಟೆಂಬರ್ಗಿನ ಮೇರಿ ರೈನ್‌ಹಾರ್ಟ್ ಅವರನ್ನು ವಿವಾಹವಾದರು. ಶಿಷ್ಯ ಗುರುವಾಗಬೇಕೆಂಬ ಮೋಗ್ಲಿಂಗರ ಯೋಜನೆಗೆ ಕೌಂಡಿನ್ಯರಿಗಿಂತ ಮಿಗಿಲಾದ ಸಾಕ್ಷ್ಯವಿಲ್ಲ. ಆ ಯೋಜನೆ ಒಂದು ಮನೆಯನ್ನು ಮುರಿದದ್ದಕ್ಕೂ ಅವರೇ ಸಾಕ್ಷ್ಯ.

ಮಕ್ಕಳ ಅಗಲಿಕೆಯ ನೋವು ಒಂದೇ ಕಡೆಯದಾಗಿರಲಿಲ್ಲ. ಮಿಶನರಿಗಳು ತಮ್ಮ ಮಕ್ಕಳನ್ನು ಶಾಲೆಯ ವಯಸ್ಸು ಬರುತ್ತಲೇ ಯುರೋಪಿಗೆ ಕಳುಹಿಸಬೇಕೆಂದು ಬಾಸೆಲ್‌ನ ಆಡಳಿತ ಮಂಡಳಿ 1853ರಲ್ಲಿ ನಿಯಮ ರೂಪಿಸಿತು. ಆರು ವರ್ಷದ ಆಸುಪಾಸಿನ ಮಕ್ಕಳು ತಂದೆತಾಯಿಯನ್ನು ಬಿಟ್ಟು ಹಡಗು ಹತ್ತುತ್ತಿದ್ದರು. ಮತ್ತೆ ಭೇಟಿಯಾಗುವ ಹೊತ್ತಿಗೆ ಪರಸ್ಪರ ಗುರುತು ಹತ್ತದಷ್ಟು ವರ್ಷಗಳು ಉರುಳಿರುತ್ತಿದ್ದವು. ಪರರ ಮಕ್ಕಳನ್ನು ಮಡಿಲಿಗೆ ಹಾಕಿಕೊಂಡು ಸಾಕಿದ ಸಂಸ್ಥೆ ತನ್ನವರ ಮಕ್ಕಳನ್ನು ಮಡಿಲಿನಿಂದ ಎತ್ತಿ ಕಳುಹಿಸುತ್ತಿತ್ತು.

ಬಸವಪುರಾಣ, ದಾಸರ ಪದ, ಗಾದೆ

ಬೋಧಿಸಲು ಬಂದವರು ಮೊದಲು ಕಲಿಯಬೇಕು ಎಂಬುದನ್ನು ಮೋಗ್ಲಿಂಗ್ ಮರೆಯಲಿಲ್ಲ. ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ನಿವೃತ್ತ ನ್ಯಾಯಾಧೀಶ ಕಾಸಮೇಜರ್ ಅವರ ಧನಸಹಾಯದಿಂದ 1848ರಲ್ಲಿ ‘ಬಿಬ್ಲಿಯೋತಿಕಾ ಕರ್ನಾಟಿಕಾ’ ಗ್ರಂಥಮಾಲೆ ಆರಂಭವಾಯಿತು. ಓಲೆಗರಿಯಲ್ಲಿ ಉಳಿದಿದ್ದ ಲಕ್ಷ್ಮೀಶನ ಜೈಮಿನಿ ಭಾರತ, ಬಸವಪುರಾಣ, ಚೆನ್ನಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನ ಪುಟಗಳಿಗೆ ಬಂದವು. ಕನ್ನಡ ಗಾದೆಗಳ ಸಂಗ್ರಹವನ್ನೂ ಅವರು ಪ್ರಕಟಿಸಿದರು. ಇನ್ನೊಂದೆಡೆ ‘ಹೃದಯ ದರ್ಪಣ’, ‘ಜಾತಿ ವಿಚಾರಣೆ’ಯಂಥ ತಮ್ಮ ಮತಪ್ರಚಾರದ ಕೃತಿಗಳನ್ನೂ ಬರೆದರು. ಒಂದೇ ಕೈ ಎರಡನ್ನೂ ಮಾಡಿತು. ಈ ಸಾಹಿತ್ಯ ಸೇವೆಯನ್ನು ಪರಿಗಣಿಸಿ ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಡಾಕ್ಟರೇಟ್ ನೀಡಿತು.

1852ರ ಕೊನೆಯಲ್ಲಿ ಊರಿಗೆ ಮರಳಲು ಸಿದ್ಧರಾಗಿದ್ದ ಮೋಗ್ಲಿಂಗರನ್ನು ತಡೆದವರು ಕೊಡಗಿನ ಆಲ್ಮಂಡ ಸೋಮಯ್ಯ. ಕ್ರೈಸ್ತ ಧರ್ಮ ಸ್ವೀಕರಿಸಲು ಮಂಗಳೂರಿಗೆ ಬಂದ ಸೋಮಯ್ಯನವರ ಬೆನ್ನಿಗೆ ನಿಂತು, 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ನಡೆದರು. ಅಲ್ಲಿಯೂ ಕುಲದ ಬಹಿಷ್ಕಾರ ಸೋಮಯ್ಯನವರನ್ನು ಬಿಡಲಿಲ್ಲ. ತೋಟಗಳಲ್ಲಿ ಜೀತದಂತೆ ದುಡಿಯುತ್ತಿದ್ದ ಹೊಲೆಯರ ಕುಟುಂಬಗಳಿಗಾಗಿ ಆನಂದಪುರ ಎಂಬ ನೆಲೆ ತಲೆಯೆತ್ತಿತು. ಕೊಡಗಿನ ಚರಿತ್ರೆಯನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ 1855ರಲ್ಲಿ ಪ್ರಕಟವಾಯಿತು. ಅದೇ ವರ್ಷ ಆಪ್ತ ಗೆಳೆಯ, ಕನ್ನಡ ವಿದ್ವಾಂಸ ಗಾಟ್‌ಫ್ರೀಡ್ ವೈಗ್ಲೆ ನಿಧನರಾದರು. ಮುಂದೆ ಮೋಗ್ಲಿಂಗ್ ಅವರ ವಿಧವೆ ಪೌಲಿನಾ ಅವರನ್ನು ವರಿಸಿ, ಗೆಳೆಯನ ಮಕ್ಕಳಿಗೆ ತಂದೆಯ ಸ್ಥಾನದಲ್ಲಿ ನಿಂತರು.

ತಾಯ್ನಾಡಿಗೆ ಕೊಂಡೊಯ್ದದ್ದು

1860ರಲ್ಲಿ ಮೋಗ್ಲಿಂಗ್ ಭಾರತವನ್ನು ಬಿಟ್ಟರು. ಮತ್ತೆ ಬರಲಾಗಲಿಲ್ಲ. ವುರ್ಟೆಂಬರ್ಗಿನಲ್ಲಿ ಪಾದ್ರಿಯಾಗಿ ಸೇವೆ ಸಲ್ಲಿಸುತ್ತಲೇ ಹರಿದಾಸರ ಪದಗಳನ್ನು ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿನ ಪ್ರಾಚ್ಯವಿದ್ಯಾ ಪತ್ರಿಕೆಯಲ್ಲಿ ಪ್ರಕಟಿಸಿದರು. ತಮ್ಮ ನಂಬಿಕೆಯನ್ನು ಕನ್ನಡಿಗರಿಗೆ ಹಂಚಲು ಬಂದವರು ಕನ್ನಡಿಗರ ಭಕ್ತಿಯನ್ನು ತಮ್ಮವರಿಗೆ ಹಂಚಿದರು. 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ಅವರು ಕೊನೆಯುಸಿರೆಳೆದರು. ಶಿಷ್ಯ ಕೌಂಡಿನ್ಯರು 1893ರಲ್ಲಿ ತೀರಿಕೊಂಡರು. ಮಂಗಳೂರಿನ ಅದೇ ಮಿಶನ್ ಮುದ್ರಣಾಲಯದಲ್ಲಿ 1894ರಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಯಿತು.

ಮೋಗ್ಲಿಂಗರ ಕಾಲದಲ್ಲಿ ಶಾಲೆ ಮತ್ತು ಧರ್ಮಬೋಧನೆ ಬೇರೆ ಬೇರೆಯಾಗಿರಲಿಲ್ಲ. ಸ್ವತಂತ್ರ ಭಾರತದ ಸಂವಿಧಾನ ಅವೆರಡರ ನಡುವೆ ಗೆರೆ ಎಳೆಯಿತು. ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯವನ್ನು 25ನೇ ವಿಧಿ ನೀಡುತ್ತದೆ. ಸರಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿಯನ್ನು ಪೋಷಕರ ಸಮ್ಮತಿಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಪಿತ್ತಿತು. ಮಕ್ಕಳಿಗೆ ಬೈಬಲ್ ಕಲಿಸುವ ಕೆಲಸವನ್ನು ಇಂದು ಚರ್ಚುಗಳ ಭಾನುವಾರದ ಶಾಲೆಗಳು ನಡೆಸುತ್ತಿವೆ. ಅಲ್ಲಿಗೆ ಮಕ್ಕಳನ್ನು ಕೈಹಿಡಿದು ಕರೆತರುವವರು ತಂದೆತಾಯಿಯರು.

ದಾವಣಗೆರೆಯ ಎಸ್.ಎಸ್. ಬಡಾವಣೆಯಿಂದ ಮಂಗಳೂರಿನ ಬಲ್ಮಠದವರೆಗೆ, ಮಗುವಿಗೆ ಶಾಲೆ ಹುಡುಕುವ ಯಾವ ಧರ್ಮದ ಪೋಷಕರೂ ಅಲ್ಲಿ ಓದಿನ ಜೊತೆಗೆ ಇನ್ನೇನು ಕಲಿಸುತ್ತಾರೆ ಎಂದು ವಿಚಾರಿಸುತ್ತಾರೆ. 1844ರಲ್ಲಿ ಮಂಗಳೂರು ಕೇಳಿದ್ದೂ ಇದನ್ನೇ. ಅಂದು ಅದಕ್ಕೆ ಉತ್ತರ ಹೇಳುವ ಕಾನೂನು ಇರಲಿಲ್ಲ, ಇಂದು ಇದೆ. ಮಕ್ಕಳ ಮೂಲಕ ಧರ್ಮ ಹರಡಬೇಕೆಂದು ಮೋಗ್ಲಿಂಗ್ ಹಾಕಿದ ಲೆಕ್ಕದಲ್ಲಿ ಒಂದಿಷ್ಟು ಮಾತ್ರ ಕೈಗೂಡಿತು. ಆ ಮಕ್ಕಳ ಭಾಷೆಯನ್ನು ತಾವು ಕಲಿತು ಅಚ್ಚಿಗೆ ಇಳಿಸಿದ್ದು ಮಾತ್ರ ಎಲ್ಲ ಧರ್ಮದ ಕನ್ನಡಿಗರ ಪಾಲಾಗಿ ಉಳಿಯಿತು.