ಗಾಜಿನ ಮೇಲೆ ನರ ಬೆಳೆಸಿದ ರಾಸ್ ಹ್ಯಾರಿಸನ್

ಪ್ರಯೋಗಾಲಯದಲ್ಲಿ ಮಿದುಳಿನ ಕ್ಯಾನ್ಸರ್ ಕೋಶಗಳನ್ನು ಯಾವುದೋ ಔಷಧಿ ಕೊಂದಿತು ಎಂಬ ಸುದ್ದಿ ನಿಮ್ಮ ಮೊಬೈಲಿಗೂ ಬಂದಿರಬಹುದು. ಮನೆಯಲ್ಲಿ ರೋಗಿ ಇದ್ದರೆ, ಅದು ಎಲ್ಲಿ ಸಿಗುತ್ತದೆ ಎಂದು ಫಾರ್ಮಸಿಯಲ್ಲಿ ವಿಚಾರಿಸುವುದು ಸಹಜ. ಅದಕ್ಕೆ ಮೊದಲು, ದೇಹದ ಹೊರಗೆ ಕೋಶ ಬೆಳೆಸುವ ವಿಧಾನಕ್ಕೆ ಅಡಿಪಾಯ ಹಾಕಿದವರ ಬದುಕನ್ನು ನೋಡಿ.

ರಾಸ್ ಹ್ಯಾರಿಸನ್ 1870ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. 1894ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಿಂದ ಪಿಎಚ್.ಡಿ., 1899ರಲ್ಲಿ ಜರ್ಮನಿಯ ಬಾನ್‌ನಲ್ಲಿ ವೈದ್ಯ ಪದವಿ ಪಡೆದರು. ಆಗ ವಿಜ್ಞಾನಿಗಳ ನಡುವೆ ಒಂದು ವಾದ ನಡೆದಿತ್ತು. ನರತಂತು ಒಂದೇ ಕೋಶದಿಂದ ಚಿಗುರಿ ಉದ್ದವಾಗುತ್ತದೆಯೇ, ಇಲ್ಲವೇ ದಾರಿಯಲ್ಲಿನ ಕೋಶಗಳು ಸೇರಿ ಅದನ್ನು ಕಟ್ಟುತ್ತವೆಯೇ? ಸತ್ತ ಅಂಗಾಂಶಕ್ಕೆ ಬಣ್ಣ ಹಾಕಿ ನೋಡಿದರೆ ವಾದ ಬಗೆಹರಿಯುತ್ತಿರಲಿಲ್ಲ.

ಬದುಕಿರುವ ನರವನ್ನೇ ನೋಡಲು ಹ್ಯಾರಿಸನ್ ಹೊರಟರು. ಕಪ್ಪೆಯ ಭ್ರೂಣದಲ್ಲಿ ಮುಂದೆ ಬೆನ್ನುಹುರಿಯಾಗುವ ಭಾಗದ ಚೂರೊಂದನ್ನು ದೊಡ್ಡ ಕಪ್ಪೆಯ ದುಗ್ಧರಸದ ಹನಿಯಲ್ಲಿ ಇಟ್ಟರು. ಹನಿ ಹೆಪ್ಪುಗಟ್ಟಿದ ಮೇಲೆ ಆ ತೆಳುಗಾಜನ್ನು ಗುಳಿಯಿರುವ ಗಾಜಿನ ಮೇಲೆ ಬೋರಲು ಹಾಕಿ, ಅಂಚಿಗೆ ಮೇಣ ಬಳಿದರು. ತಂತು ಕೋಶದಿಂದಲೇ ಹೊರಟು ಬೆಳೆಯುವುದು ಸೂಕ್ಷ್ಮದರ್ಶಕದಲ್ಲಿ ಕಂಡಿತು. ಇದು ಪ್ರಕಟವಾದದ್ದು 1907ರಲ್ಲಿ. ಅದೇ ವರ್ಷ ಅವರು ಯೇಲ್ ವಿಶ್ವವಿದ್ಯಾಲಯ ಸೇರಿದರು.

ಈ ವಿಧಾನವನ್ನು ಬೇರೆಯವರು ಬೆಳೆಸಿದರು. ಹ್ಯಾರಿಸನ್ ಭ್ರೂಣದಲ್ಲಿ ಕೈಕಾಲು ರೂಪುಗೊಳ್ಳುವ ಬಗೆಯ ಅಧ್ಯಯನಕ್ಕೆ ತಿರುಗಿದರು. ಅವರ ಹೆಸರು ನೊಬೆಲ್ ಪ್ರಶಸ್ತಿಗೆ ಪರಿಗಣನೆಗೆ ಬಂದರೂ ಅದು ಸಿಗಲಿಲ್ಲ. 1959ರಲ್ಲಿ ತೀರಿಕೊಂಡರು.

ಇಂದು ಗ್ಲಿಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಗೆಡ್ಡೆಯ ಕೋಶಗಳನ್ನೂ ಹೀಗೆಯೇ ದೇಹದ ಹೊರಗೆ ಬೆಳೆಸುತ್ತಾರೆ. ಆದರೆ ಆ ತಟ್ಟೆಯಲ್ಲಿ ರಕ್ತದಿಂದ ಮಿದುಳಿಗೆ ಔಷಧಿ ಹೋಗದಂತೆ ತಡೆಯುವ ಗೋಡೆ ಇಲ್ಲ, ಸುತ್ತಲಿನ ಮಿದುಳೂ ಇಲ್ಲ. ವರ್ಷಗಟ್ಟಲೆ ತಟ್ಟೆಯಲ್ಲೇ ಬೆಳೆದ ಕೋಶಗಳು ಬದಲಾಗುತ್ತವೆ. ಸ್ವೀಡನ್ನಿನ ಉಪ್ಸಾಲಾದಲ್ಲಿ 1960ರ ದಶಕದಲ್ಲಿ ಬೆಳೆಸಿದ ಯು-87 ಎಂಬ ಕೋಶಗಳನ್ನು ಜಗತ್ತಿನೆಲ್ಲೆಡೆ ಬಳಸಿದರು. ಎಲ್ಲರೂ ಬಳಸುತ್ತಿದ್ದ ಆ ಕೋಶಗಳ ಡಿಎನ್‌ಎ ಮೂಲ ರೋಗಿಯ ಗೆಡ್ಡೆಯದರ ಜೊತೆ ಹೊಂದುವುದಿಲ್ಲ ಎಂದು 2016ರಲ್ಲಿ ಗೊತ್ತಾಯಿತು. ಅದಕ್ಕೇ ಈಗ ರೋಗಿಯ ಗೆಡ್ಡೆಯಿಂದಲೇ ಮೂರು ಆಯಾಮದ ಪುಟ್ಟ ಮಾದರಿಗಳನ್ನೂ ಬೆಳೆಸುತ್ತಿದ್ದಾರೆ.

ಹ್ಯಾರಿಸನ್ ಗಾಜಿನ ಮುಂದಿಟ್ಟದ್ದು ಗಾಜು ಉತ್ತರಿಸಬಲ್ಲ ಪ್ರಶ್ನೆಯನ್ನು. ಔಷಧಿ ನಿಮ್ಮವರಿಗೆ ನಾಟುತ್ತದೆಯೇ ಎಂಬುದನ್ನು ತಟ್ಟೆಯೊಂದೇ ಹೇಳಲಾರದು. ಅದಕ್ಕೆ ಮನುಷ್ಯರ ಮೇಲಿನ ಪರೀಕ್ಷೆ ಬೇಕು. ಮುಂದಿನ ಬಾರಿ ಇಂಥ ಸುದ್ದಿ ಬಂದಾಗ, ಪರೀಕ್ಷೆ ನಡೆದದ್ದು ತಟ್ಟೆಯಲ್ಲೋ, ಇಲಿಯಲ್ಲೋ, ರೋಗಿಗಳಲ್ಲೋ ಎಂದು ನಿಮ್ಮ ಕ್ಯಾನ್ಸರ್ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಈಗಿನ ಮಾತ್ರೆಗಳನ್ನು ನಿಲ್ಲಿಸಬೇಡಿ.