ಎಲೆಕ್ಟ್ರಾ ಬೀದಿಯಲ್ಲಿ ನೆನಪಾಗುವ ಮಂಜೇಶ್ವರದ ಕವಿ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟ್‌ಗೆ ಸರ್ಕಾರ ಇಟ್ಟಿರುವ ಹೆಸರು ಒಂದನೆಯ ಜಾಯೆದ್ ರಸ್ತೆ. ಟ್ಯಾಕ್ಸಿ ಚಾಲಕರಿಗೂ ತರಕಾರಿ ಅಂಗಡಿಯವರಿಗೂ ನನ್ನ ರೋಗಿಗಳಿಗೂ ಅದು ಎಲೆಕ್ಟ್ರಾವೇ. ಈ ಬೀದಿಯಲ್ಲಿ ವೈದ್ಯವೃತ್ತಿ ನಡೆಸುತ್ತಿರುವ ನನಗೆ ರಕ್ತದೊತ್ತಡದ ಪಟ್ಟಿ ಕಟ್ಟುವಾಗ ಊರು ಕೇಳುವ ರೂಢಿಯಿದೆ. ಮಾತಿಗೆ ತೊಡಗಿದ ಮನುಷ್ಯನ ಆತಂಕ ತುಸು ಇಳಿಯುತ್ತದೆ ಎಂಬುದು ಅದಕ್ಕೆ ಒಂದು ಕಾರಣ. ಊರಿನ ಸುದ್ದಿ ಕೇಳುವ ಆಸೆ ಇನ್ನೊಂದು. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಎಂಬ ಉತ್ತರಗಳು ಮೇಲಿಂದ ಮೇಲೆ ಬರುತ್ತವೆ. ಅವರ ಪಾಸ್‌ಪೋರ್ಟಿನಲ್ಲಿ ಕೇರಳ ಎಂದಿರುತ್ತದೆ. ಮನೆಯೊಳಗಿನ ಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಮಲಯಾಳ. ಶಾಲೆಯಲ್ಲಿ ಕಲಿತದ್ದು ಅನೇಕರಿಗೆ ಕನ್ನಡ.

ಮಂಜೇಶ್ವರ ಎಂದವರನ್ನು ನಾನು ಗೋವಿಂದ ಪೈಗಳ ಬಗ್ಗೆ ವಿಚಾರಿಸುವುದುಂಟು. ಹೆಸರು ಎಲ್ಲರಿಗೂ ಗೊತ್ತು. ಊರಿನ ಸರ್ಕಾರಿ ಕಾಲೇಜಿಗೆ ಅವರ ಹೆಸರಿದೆ, ಅವರ ಮನೆ ಸ್ಮಾರಕವಾಗಿದೆ. ಅವರ ಯಾವ ಪುಸ್ತಕ ಓದಿದ್ದೀರಿ ಎಂದು ಕೇಳಿದರೆ ಮಾತ್ರ ನಗು ಬರುತ್ತದೆ, ಉತ್ತರ ಬರುವುದಿಲ್ಲ. ಇದು ಮಂಜೇಶ್ವರದವರೊಬ್ಬರ ಕಥೆಯಲ್ಲ. ಕನ್ನಡನಾಡಿನ ಉದ್ದಗಲಕ್ಕೂ ಅವರು ಗೌರವ ಪಡೆದಷ್ಟು ಓದುಗರನ್ನು ಪಡೆಯಲಿಲ್ಲ. ಅದು ಏಕೆ ಹೀಗಾಯಿತು ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು, ಮಂಜೇಶ್ವರದ ತಾಯಿಯ ತವರಿನಲ್ಲಿ. ತಂದೆ ಮಂಗಳೂರಿನ ಸಾಹುಕಾರ್ ತಿಮ್ಮಪ್ಪ ಪೈ, ತಾಯಿ ದೇವಕಿ. ಮನೆಮಾತು ಕೊಂಕಣಿ. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರಂಥ ಗುರು ದೊರೆತರು. ಮುಂದೆ ಬಿ.ಎ. ಓದಲು ಮದರಾಸಿಗೆ ಹೋದವರು ತಂದೆಯ ಮರಣದಿಂದಾಗಿ ಪದವಿ ಪೂರೈಸದೆ ಊರಿಗೆ ಮರಳಬೇಕಾಯಿತು. ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತ್ರ ಚಿನ್ನದ ಪದಕ ಬಂದಿದ್ದಿತು. ಹಿರಿಯ ಮಗನ ಹೆಗಲಿಗೆ ಮನೆಯ ಹೊಣೆ ಬೀಳುವುದು, ಓದು ಅರ್ಧಕ್ಕೆ ನಿಲ್ಲುವುದು ನಮ್ಮ ಕರಾವಳಿಯಲ್ಲಿ ಹೊಸ ಸಂಗತಿಯಲ್ಲ. ಈ ಬೀದಿಯ ಎಷ್ಟೋ ಅಂಗಡಿಗಳ ಹಿಂದೆ ಅಂಥದೇ ಕಥೆಯಿದೆ. ಪೈಗಳಿಗೆ ಆಸ್ತಿಯ ಆಸರೆಯಿತ್ತೆಂಬುದನ್ನೂ ಮರೆಯಬಾರದು. ಹೊಟ್ಟೆಪಾಡಿಗಾಗಿ ಊರು ಬಿಡಬೇಕಾದ ಪ್ರಮೇಯ ಅವರಿಗೆ ಬರಲಿಲ್ಲ. ಗುಜರಾತಿನ ನವಸಾರಿಯಲ್ಲಿ ಕೆಲಕಾಲ ಇದ್ದುದನ್ನು ಬಿಟ್ಟರೆ ಬದುಕಿನ ಬಹುಭಾಗ ಮಂಜೇಶ್ವರದ ಮನೆಯಲ್ಲೇ, ಪುಸ್ತಕಗಳ ನಡುವೆ ಕಳೆಯಿತು.

ಆ ಮನೆಯಲ್ಲಿ ಕುಳಿತೇ ಅವರು ಹಲವು ಭಾಷೆಗಳನ್ನು ಕಲಿತರು. ಇಪ್ಪತ್ತೆರಡು ಎನ್ನುವವರಿದ್ದಾರೆ, ಇಪ್ಪತ್ತೈದು ಎನ್ನುವವರೂ ಇದ್ದಾರೆ. ಈ ಎಣಿಕೆಯ ಬಗ್ಗೆ ನನಗೆ ಅಷ್ಟು ಆಸಕ್ತಿಯಿಲ್ಲ. ಭಾಷೆ ಬಲ್ಲೆ ಎಂಬುದಕ್ಕೆ ಅಳತೆಗೋಲು ಯಾವುದು? ಕಲಿತದ್ದನ್ನು ಅವರು ದುಡಿಸಿಕೊಂಡರು ಎಂಬುದು ಮುಖ್ಯ. ಪಾಲಿ, ಪ್ರಾಕೃತ, ಗ್ರೀಕ್ ಮೂಲಗಳ ಜಾಡು ಅವರ ಸಂಶೋಧನ ಬರಹಗಳಲ್ಲಿ ಎದ್ದು ಕಾಣುತ್ತದೆ. ಜಪಾನಿನ ನೋ ನಾಟಕಗಳನ್ನು ಅವರು ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದರು.

ಅವರ ಹೆಸರು ಸಾಹಿತ್ಯಚರಿತ್ರೆಯಲ್ಲಿ ಮೊದಲು ಬರುವುದು 1911ರಲ್ಲಿ. ಆ ವರ್ಷ ಅವರು ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟರು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇದನ್ನು ತುಸು ಬಿಡಿಸಿ ಹೇಳಬೇಕಾಗುತ್ತದೆ. ಹಳೆಯ ಕನ್ನಡ ಪದ್ಯದಲ್ಲಿ ಮೊದಲ ಸಾಲಿನ ಎರಡನೆಯ ಅಕ್ಷರದಲ್ಲಿ ಲಕಾರ ಬಂದಿತೆಂದರೆ, ಆ ಪದ್ಯದ ಉಳಿದೆಲ್ಲ ಸಾಲುಗಳ ಎರಡನೆಯ ಅಕ್ಷರದಲ್ಲೂ ಲಕಾರವೇ ಬರಬೇಕು. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಪ್ರಾಸವನ್ನು ಕನ್ನಡ ಕಾವ್ಯದ ಲಕ್ಷಣವಾಗಿ ಚರ್ಚಿಸಿದೆ. ಕುಮಾರವ್ಯಾಸನ ಷಟ್ಪದಿಯ ಆರೂ ಸಾಲುಗಳು ಈ ನಿಯಮಕ್ಕೆ ತಲೆಬಾಗುತ್ತವೆ. ವಚನಕಾರರು ಇದರ ಗೊಡವೆಗೆ ಹೋಗಲಿಲ್ಲವಾದರೂ ವಚನವನ್ನು ಪಂಡಿತರು ಪದ್ಯವೆಂದು ಎಣಿಸಿರಲಿಲ್ಲ. ಸಾವಿರ ವರ್ಷಗಳಿಗೂ ಮೀರಿದ ಕಟ್ಟಳೆಯದು. ಪ್ರತಿಭಾವಂತನ ಕೈಯಲ್ಲಿ ಅದು ಸಂಗೀತ. ಉಳಿದವರ ಕೈಯಲ್ಲಿ, ಹೇಳಬೇಕಾದ ಮಾತನ್ನು ಬಿಟ್ಟು ಪ್ರಾಸಕ್ಕೆ ಒದಗುವ ಮಾತನ್ನು ಹುಡುಕುವ ಸಂಕಟ.

'ಹೊಲೆಯನು ಯಾರು' ಎಂಬ ಕವಿತೆಯಲ್ಲಿ ಪೈಗಳು ಈ ಕಟ್ಟಳೆಯನ್ನು ಮುರಿದರು. ಮಂಗಳೂರಿನ 'ಸ್ವದೇಶಾಭಿಮಾನಿ' ಪತ್ರಿಕೆ ಅದನ್ನು ಪ್ರಕಟಿಸಿತು. ಅಸ್ಪೃಶ್ಯತೆಯನ್ನು ಪ್ರಶ್ನಿಸುವ ಕವಿತೆಯೇ ಪ್ರಾಸದ ಮಡಿಯನ್ನೂ ಮುರಿದದ್ದು ಆಕಸ್ಮಿಕವೆಂದು ನನಗೆ ಅನಿಸುವುದಿಲ್ಲ. ಸಂಪ್ರದಾಯಸ್ಥರಿಗೆ ಇದು ರುಚಿಸಲಿಲ್ಲ. ಪ್ರಾಸವಿಲ್ಲದ ಪದ್ಯ ಅವರ ಕಿವಿಗೆ ಅಂಗಹೀನವಾಗಿ ಕೇಳಿಸಿತು. ಆದರೆ ವಿರೋಧ ಬಹುಕಾಲ ಬಾಳಲಿಲ್ಲ. 1919ರಲ್ಲಿ ಹಟ್ಟಿಯಂಗಡಿ ನಾರಾಯಣರಾಯರ 'ಆಂಗ್ಲ ಕವಿತಾವಳಿ' ಬಂದಿತು. 1920ರ ದಶಕದಲ್ಲಿ ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಬಂದಿತು. ಮೈಸೂರಿನಲ್ಲಿ ವಿಶ್ವವಿದ್ಯಾಲಯವಿತ್ತು, ಶಿಷ್ಯಬಳಗವಿತ್ತು, ವೇದಿಕೆಗಳಿದ್ದವು. ಹೊಸಗನ್ನಡ ಕವಿತೆಯ ಉದಯವನ್ನು ಅಲ್ಲಿಂದಲೇ ಎಣಿಸುವ ವಾಡಿಕೆ ಬೇರೂರಿತು. ಶ್ರೀಯವರ ಸಾಧನೆ ನಿಜಕ್ಕೂ ದೊಡ್ಡದು. ಅವರ ಅನುವಾದಗಳು ಜನರ ನಾಲಗೆಯಲ್ಲಿ ನಿಂತವು, ಪೈಗಳ ಕವಿತೆಗಳು ನಿಲ್ಲಲಿಲ್ಲ. ಆದರೂ ಬಾಗಿಲು ತೆರೆದವರು ಕರಾವಳಿಯವರು ಎಂಬ ಸಂಗತಿ ಅನೇಕ ಪಠ್ಯಗಳಲ್ಲಿ ಅರ್ಧ ವಾಕ್ಯಕ್ಕೆ ಮುಗಿದುಹೋಗುತ್ತದೆ.

ಇಲ್ಲಿ ನನ್ನ ಸಹೋದ್ಯೋಗಿಯಾಗಿದ್ದ ವೇಲ್ಸ್ ದೇಶದ ಅರಿವಳಿಕೆ ತಜ್ಞರೊಬ್ಬರು ತಮ್ಮ ಭಾಷೆಯ ಕಾವ್ಯದಲ್ಲೂ ಇಂಥದೇ ವ್ಯಂಜನಗಳ ಕಟ್ಟುಪಾಡು ಇದೆಯೆಂದು ವಿವರಿಸಿದ್ದರು. ಕಂಗ್‌ಹನೆದ್ ಎಂಬುದು ಅದರ ಹೆಸರು. ಅವರ ರಾಷ್ಟ್ರೀಯ ಸಾಹಿತ್ಯೋತ್ಸವದಲ್ಲಿ ಇಂದಿಗೂ ಆ ಕಟ್ಟಿನಲ್ಲಿ ದೀರ್ಘ ಕವಿತೆ ಬರೆದು ಗೆದ್ದವರಿಗೆ ಕುರ್ಚಿಯೊಂದನ್ನು ಮಾಡಿಸಿ ಕೊಟ್ಟು ಕೂರಿಸುತ್ತಾರಂತೆ. ಇಂಗ್ಲಿಷಿನ ನೆರಳಿನಲ್ಲಿರುವ ಆ ಸಣ್ಣ ಭಾಷೆ ತನ್ನ ಪ್ರಾಸವನ್ನು ಗುರುತಿನ ಚೀಟಿಯಂತೆ ಜೋಪಾನ ಮಾಡಿತು. ನಾವು ನಮ್ಮದನ್ನು ಹತ್ತಿಪ್ಪತ್ತು ವರ್ಷಗಳಲ್ಲಿ ಬಿಟ್ಟುಕೊಟ್ಟೆವು. ಯಾವುದು ಸರಿ ಎಂದು ನಾವಿಬ್ಬರೂ ತೀರ್ಮಾನಿಸಲಿಲ್ಲ. ಬಿಟ್ಟದ್ದರಿಂದ ಕನ್ನಡಕ್ಕೆ ಬೇಂದ್ರೆ, ಕುವೆಂಪು, ಅಡಿಗರ ಕಾವ್ಯ ಸುಲಭವಾಯಿತೆಂದು ನನ್ನ ನಂಬಿಕೆ.

ಪೈಗಳ ಮೊದಲ ಸಂಕಲನ 'ಗಿಳಿವಿಂಡು' 1930ರಲ್ಲಿ ಪ್ರಕಟವಾಯಿತು. ಕವಿಗೆ ಆಗ 47 ವರ್ಷ. ಪತ್ನಿ 1927ರಲ್ಲಿ ತೀರಿಕೊಂಡಿದ್ದರು. ಅವರ ನೆನಪಿನ ಕವಿತೆಗಳೇ 'ನಂದಾದೀಪ'. ಬಳಿಕ ಬಂದವು ಅವರ ಎರಡು ಮುಖ್ಯ ಖಂಡಕಾವ್ಯಗಳು. 'ಗೊಲ್ಗೊಥಾ' ಕ್ರಿಸ್ತನ ಕೊನೆಯ ದಿನದ ಕಥನ. 'ವೈಶಾಖಿ' ಬುದ್ಧನ ಪರಿನಿರ್ವಾಣದ ಕಥನ. ಏಕಲವ್ಯನನ್ನು ಕುರಿತ 'ಹೆಬ್ಬೆರಳು' ಎಂಬ ನಾಟಕವೂ ಉಂಟು.

ವೈದ್ಯನಾದ ನನಗೆ ಈ ಎರಡು ಕಾವ್ಯಗಳು ಬೇರೆ ರೀತಿಯಲ್ಲಿ ಹತ್ತಿರವಾದವು. ಸಾಯುತ್ತಿರುವವನ ಕೊನೆಯ ಗಳಿಗೆಗಳನ್ನು ಪವಾಡಗಳಿಂದ ತುಂಬುವುದು ಭಕ್ತಕವಿಗಳ ಪದ್ಧತಿ. ಪೈಗಳು ದೇಹದ ನೋವನ್ನು ಮರೆಮಾಚುವುದಿಲ್ಲ. ಶಿಲುಬೆಯ ಭಾರ, ನೀರಡಿಕೆ, ಸುತ್ತಲಿನವರ ಉದಾಸೀನ, ದೂರದಲ್ಲಿ ನಿಂತ ತಾಯಿ, ಇವೆಲ್ಲ ಅಲ್ಲಿವೆ. ಬುದ್ಧನೂ ಅವರ ಕಾವ್ಯದಲ್ಲಿ ರೋಗದಿಂದ ಬಳಲುವ ಮುದುಕ. ಕೊಂಕಣಿ ಬ್ರಾಹ್ಮಣ ಕವಿಯೊಬ್ಬ ಕ್ರಿಸ್ತನ ಮರಣವನ್ನು ಕನ್ನಡ ಕಾವ್ಯದ ವಸ್ತುವಾಗಿಸಿದ್ದನ್ನು ವಿಮರ್ಶಕರು ಆದರದಿಂದ ಕಂಡರು. ಬಾಸೆಲ್ ಮಿಷನ್ನಿನ ಮುದ್ರಣಾಲಯ, 1843ರ 'ಮಂಗಳೂರ ಸಮಾಚಾರ', 1894ರ ಕಿಟೆಲ್ ನಿಘಂಟು ಇವುಗಳ ನೆಲವಾದ ಕರಾವಳಿಯಲ್ಲಿ ಅದು ಅಷ್ಟು ಅಸಹಜವೂ ಆಗಿರಲಿಲ್ಲ. 'ಗೊಲ್ಗೊಥಾ' ಅವರ ಅತ್ಯುತ್ತಮ ಕೃತಿಯೆಂಬ ಮಾತಿಗೆ ನನ್ನ ಸಹಮತವಿದೆ.

ಆಕ್ಷೇಪವೂ ಅಲ್ಲಿಂದಲೇ ಹುಟ್ಟಿತು. ಪ್ರಾಸದ ಬೀಗ ತೆಗೆದ ಕವಿ ಪದಗಳ ಬೀಗ ಹಾಕಿದರು. ಹಳಗನ್ನಡದ ಮರೆತ ಶಬ್ದಗಳು, ಸಂಸ್ಕೃತದ ಉದ್ದ ಸಮಾಸಗಳು, ಅವರೇ ಟಂಕಿಸಿದ ರೂಪಗಳು, ಅವುಗಳಿಗೆ ಟಿಪ್ಪಣಿಗಳು. ಪಾಂಡಿತ್ಯ ಕಾವ್ಯವನ್ನು ಭಾರವಾಗಿಸಿತೆಂಬ ದೂರು ಅವರ ಜೀವಿತಕಾಲದಲ್ಲೂ ಇತ್ತು, ಇಂದಿಗೂ ಇದೆ. ಅದು ಸುಳ್ಳಲ್ಲ. 'ವೈಶಾಖಿ'ಯ ಕೆಲವು ಪುಟಗಳನ್ನು ನಿಘಂಟಿನ ನೆರವಿಲ್ಲದೆ ದಾಟುವುದು ನನಗೂ ಸಾಧ್ಯವಾಗಿಲ್ಲ. ಆದರೆ ಈ ಬಿಗುವಿಗೆ ಒಂದು ಕಾರಣವನ್ನು ನಾನು ಊಹಿಸುತ್ತೇನೆ. ಕನ್ನಡ ಅವರಿಗೆ ತೊಟ್ಟಿಲ ಭಾಷೆಯಲ್ಲ, ಕಲಿತು ಒಲಿದು ಕಟ್ಟಿಕೊಂಡ ಭಾಷೆ. ಕಲಿತ ಭಾಷೆಯಲ್ಲಿ ಬರೆಯುವವನು ತಪ್ಪಾಗದಂತೆ, ಕೊರತೆಯಾಗದಂತೆ ನೋಡಿಕೊಳ್ಳುವ ಎಚ್ಚರದಲ್ಲಿ ಸಲಿಗೆಯನ್ನು ಕಳೆದುಕೊಳ್ಳುತ್ತಾನೆ. ಇಲ್ಲಿ ನಾವು ಇಂಗ್ಲಿಷಿನಲ್ಲಿ ಬರೆಯುವ ಪತ್ರಗಳನ್ನು ನೋಡಿದರೆ ಇದು ತಿಳಿದೀತು.

ಸಂಶೋಧಕರಾಗಿ ಅವರು ಬಸವಣ್ಣನ ಕಾಲ, ಜೈನ ಇತಿಹಾಸ, ತುಳುನಾಡಿನ ಪ್ರಾಚೀನತೆ ಮುಂತಾದವನ್ನು ಕುರಿತು ವಿಸ್ತಾರವಾಗಿ ಬರೆದರು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕರಾವಳಿಯ ಪಾತ್ರಗಳು ಆಡುವ ಮಾತು ಕನ್ನಡವೇ ಎಂಬ ಚರ್ಚೆ ಹುಲ್ಟ್ಜ್ ಅವರಿಂದ ಆರಂಭವಾಗಿ ಶಾಮಶಾಸ್ತ್ರಿಗಳವರೆಗೆ ನಡೆದಿತ್ತು. ಪೈಗಳೂ ಅದರಲ್ಲಿ ಪಾಲ್ಗೊಂಡರು. ಆ ಮಾತುಗಳು ಕನ್ನಡವಲ್ಲ, ತುಳುವೆಂದು ಬಳಿಕ ವಾದಿಸಿದವರುಂಟು; ವಾದ ಇತ್ಯರ್ಥವಾಗಿಲ್ಲ. ಅವರು ಕೊಟ್ಟ ಹಲವು ಕಾಲನಿರ್ಣಯಗಳನ್ನು ಮುಂದಿನ ವಿದ್ವಾಂಸರು ಒಪ್ಪಿಲ್ಲ.

1949ರಲ್ಲಿ ಮದರಾಸು ಸರ್ಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. ಕನ್ನಡದಲ್ಲಿ ಆ ಬಿರುದು ಪಡೆದವರಲ್ಲಿ ಅವರೇ ಮೊದಲಿಗರು. ಬಳಿಕ ಕುವೆಂಪು, ಅನಂತರ ಜಿ.ಎಸ್. ಶಿವರುದ್ರಪ್ಪ. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಅಂದಿನ ಮುಂಬಯಿಯೇ ನಮ್ಮವರ ಗಲ್ಫ್. ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತಿದ್ದ ಕರಾವಳಿಯ ಹುಡುಗರ ಊರದು. ಮದರಾಸು ರಾಜ್ಯದ ಕವಿ ಮುಂಬಯಿ ರಾಜ್ಯದಲ್ಲಿ ಕನ್ನಡದ ಸಮ್ಮೇಳನ ನಡೆಸಿದ್ದು, ಕನ್ನಡಿಗರು ಒಂದೇ ಆಡಳಿತದ ಕೆಳಗೆ ಇರದಿದ್ದ ಆ ಕಾಲದಲ್ಲಿ ಯಾರಿಗೂ ವಿಚಿತ್ರವೆನಿಸಲಿಲ್ಲ. ಏಕೀಕರಣದ ಆಸೆ ಎಲ್ಲರಲ್ಲೂ ಇತ್ತು.

ಏಕೀಕರಣ ಬಂದಿತು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮಂಜೇಶ್ವರ ಅದರೊಳಗಿದ್ದಿತು. ಮಂಗಳೂರಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಊರು, ಕನ್ನಡದ ರಾಷ್ಟ್ರಕವಿಯ ಮನೆ, ಗಡಿಯ ಆಚೆ ಉಳಿಯಿತು. ಪೈಗಳಿಗೆ ಆಗ 73 ವರ್ಷ. ಅವರು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ನಾಡೇ ಅವರನ್ನು ಬಿಟ್ಟು ಸರಿಯಿತು. ನಾವು ವೀಸಾ ಪಡೆದು, ವಿಮಾನವೇರಿ, ತಿಳಿದು ತಿಳಿದೇ ಹೊರನಾಡಿಗರಾದವರು. ನಮ್ಮ ದುಃಖವನ್ನು ಅವರದರೊಂದಿಗೆ ತೂಗುವುದು ನನಗೆ ಸಂಕೋಚದ ವಿಷಯ.

ಆ ನೋವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ ಶಿಫಾರಸು ಮಾಡಿದ್ದು 1967ರಲ್ಲಿ. ಅದು ಜಾರಿಗೆ ಬರಲೇ ಇಲ್ಲ. ಕಯ್ಯಾರ ಕಿಂಞಣ್ಣ ರೈಗಳು ನೂರು ವರ್ಷ ಬದುಕಿ, 2015ರಲ್ಲಿ ತೀರಿಕೊಳ್ಳುವವರೆಗೂ ಆ ಬೇಡಿಕೆಯನ್ನು ಬಿಟ್ಟುಕೊಡಲಿಲ್ಲ.

ನವೆಂಬರ್ 1 ಕನ್ನಡಿಗರಿಗೆ ರಾಜ್ಯೋತ್ಸವ, ಮಲಯಾಳಿಗಳಿಗೆ ಕೇರಳಪ್ಪಿರವಿ. ಈ ಬೀದಿಯಲ್ಲಿ ಇಬ್ಬರೂ ಇರುವುದರಿಂದ ಆ ವಾರ ಮುಂಡು, ಕಸವು ಸೀರೆ, ಹಳದಿ ಕೆಂಪು ಶಾಲು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಮಂಜೇಶ್ವರದ ನನ್ನ ರೋಗಿಯೊಬ್ಬರಿಗೆ ಎರಡೂ ಕಡೆಯಿಂದ ಆಮಂತ್ರಣ ಬರುತ್ತದೆ. ಅವರು ಎರಡಕ್ಕೂ ಹೋಗಿ ಊಟ ಮಾಡಿ ಬರುತ್ತಾರೆ, ಮರುದಿನ ಸಕ್ಕರೆಯ ಪ್ರಮಾಣ ಏರಿರುತ್ತದೆ. ಅವರ ಮಗಳು ಇಲ್ಲಿನ ಶಾಲೆಯಲ್ಲಿ ಮಲಯಾಳ, ಅರಬಿ, ಹಿಂದಿ ಓದಬಲ್ಲಳು, ಕನ್ನಡ ಓದಲಾರಳು. ಹೀಗೊಂದು ಮನೆಯಲ್ಲಿ ಕನ್ನಡ ನಿಲ್ಲಲು ಅಪ್ಪನ ಪೀಳಿಗೆಯೇ ಕೊನೆ. ಊರಲ್ಲಿ ಕನ್ನಡ ಮಾಧ್ಯಮದ ತರಗತಿಗಳಿಗೆ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಅವರ ಅಣ್ಣ ಫೋನಿನಲ್ಲಿ ಹೇಳುತ್ತಿರುತ್ತಾರಂತೆ.

ಕಳೆದ ಬಾರಿ ಅವರು ಊರಿಗೆ ಹೊರಟಾಗ ನಾನು 'ಗೊಲ್ಗೊಥಾ'ದ ಒಂದು ಪ್ರತಿ ತರಲು ಹೇಳಿದೆ, ಅವರಿಗೂ ಒಂದನ್ನು ಕೊಳ್ಳಲು ಹೇಳಿದೆ. ಮಂಜೇಶ್ವರದಲ್ಲಿ ಸಿಗದಿದ್ದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ವಿಚಾರಿಸಿ ಎಂದೆ. ಅಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಕವಿಯ ಗ್ರಂಥಭಂಡಾರವೂ ಅಲ್ಲಿಯೇ ಇದೆ. ಮನೆ ಮಂಜೇಶ್ವರದಲ್ಲಿ ಉಳಿಯಿತು, ಪುಸ್ತಕಗಳು ತಲಪಾಡಿಯ ಗಡಿ ದಾಟಿ ಉಡುಪಿ ಸೇರಿದವು.