ಮನೆಮನೆಗೆ ದೇವರ ಪಟ ಕೊಟ್ಟ ರಾಜಾ ರವಿವರ್ಮ

ನಮ್ಮ ಭಾಗದ ಹಳೆಯ ಹಂಚಿನ ಮನೆಗಳ ಚಾವಡಿಯಲ್ಲಿ ಕುಳಿತು ಒಮ್ಮೆ ಗೋಡೆಯ ಮೇಲ್ಭಾಗದತ್ತ ಕಣ್ಣು ಹಾಯಿಸಿದರೆ ಸಾಲಾಗಿ ತೂಗುಹಾಕಿದ ಪಟಗಳು ಕಾಣಿಸುತ್ತವೆ. ಕಮಲದ ಮೇಲೆ ನಿಂತ ಲಕ್ಷ್ಮಿ, ವೀಣೆ ಹಿಡಿದ ಸರಸ್ವತಿ, ಹಂಸದೊಡನೆ ಮಾತಿಗಿಳಿದ ದಮಯಂತಿ. ಕೆಲವಕ್ಕೆ ಗಾಜು ಒಡೆದಿದೆ, ಕೆಲವಕ್ಕೆ ಬೂಷ್ಟು ಹಿಡಿದಿದೆ. ಕೆಲವು ಪಟಗಳ ಕೆಳಗೆ ಯಾವುದೋ ಸಾಬೂನಿನ ಅಥವಾ ಜವಳಿ ಅಂಗಡಿಯ ಹೆಸರಿದೆ. ಮನೆಗೆ ಸುಣ್ಣ ಬಳಿಯುವಾಗ ಇವನ್ನು ಇಳಿಸುತ್ತೇವೆ. ಮತ್ತೆ ಏರಿಸಲು ಮರೆಯುತ್ತೇವೆ. ಹೊಸ ಮನೆ ಕಟ್ಟಿದವರಂತೂ ಇವನ್ನು ಹಳೆಯ ಅಟ್ಟದಲ್ಲೇ ಬಿಟ್ಟುಬರುತ್ತಾರೆ.

ಈ ಪಟಗಳ ಹಿಂದೆ ಒಬ್ಬ ಮನುಷ್ಯನ ಬದುಕಿದೆ, ಅವರ ಹಣವಿದೆ, ಅವರ ಸೋಲೂ ಇದೆ. ರಾಜಾ ರವಿವರ್ಮರ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಆದರೆ ಅವರನ್ನು ಅರಮನೆಗಳ ತೈಲಚಿತ್ರಕಾರರೆಂದು ಕೊಂಡಾಡುವ ನಾವು, ಬಡವರ ಗೋಡೆಗೆ ಚಿತ್ರ ತಂದುಕೊಟ್ಟ ಅಚ್ಚುಕೂಟದ ಒಡೆಯರೆಂದು ನೆನೆಯುವುದು ಕಡಿಮೆ. ಇಂದು ಅವರ ಬಾಳಿನ ಆ ಭಾಗವನ್ನೇ ಮುಖ್ಯವಾಗಿ ಓದುಗರ ಮುಂದಿಡುತ್ತಿದ್ದೇವೆ.

ಕಿಳಿಮಾನೂರಿನ ಬಾಲಕ

ತಿರುವಿದಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ 1848ರ ಏಪ್ರಿಲ್ 29ರಂದು ರವಿವರ್ಮರ ಜನನ. ತಾಯಿ ಉಮಾಂಬಾ ಸಾಹಿತ್ಯ ಬಲ್ಲವರು. ತಂದೆ ನೀಲಕಂಠ ಭಟ್ಟತಿರಿಪಾಡರು ಸಂಸ್ಕೃತ ವಿದ್ವಾಂಸರು. ಸೋದರಮಾವ ರಾಜರಾಜವರ್ಮರು ಸ್ವತಃ ಚಿತ್ರ ಬರೆಯುತ್ತಿದ್ದರು. ಬಾಲಕನ ಕೈಚಳಕವನ್ನು ಕಂಡ ಅವರು ಮೊದಲ ಪಾಠಗಳನ್ನು ತಾವೇ ಹೇಳಿಕೊಟ್ಟರು.

ಹದಿನಾಲ್ಕನೆಯ ವಯಸ್ಸಿನಲ್ಲಿ, 1862ರಲ್ಲಿ, ರವಿವರ್ಮರು ತಿರುವನಂತಪುರಕ್ಕೆ ಬಂದರು. ಆಯಿಲ್ಯಂ ತಿರುನಾಳ್ ಮಹಾರಾಜರ ಆಶ್ರಯ ದೊರೆಯಿತು. ಆದರೆ ತೈಲವರ್ಣವೆಂಬ ಹೊಸ ವಿದ್ಯೆಯನ್ನು ಕಲಿಸುವವರು ಸಿಗಲಿಲ್ಲ. ಆಸ್ಥಾನದ ಚಿತ್ರಕಾರ ರಾಮಸ್ವಾಮಿ ನಾಯ್ಕರು ತಮ್ಮ ವಿದ್ಯೆಯನ್ನು ಈ ಹುಡುಗನಿಗೆ ಬಿಟ್ಟುಕೊಡಲು ಮನಸ್ಸು ಮಾಡಲಿಲ್ಲ. 1868ರಲ್ಲಿ ಥಿಯೋಡರ್ ಜೆನ್ಸನ್ ಎಂಬ ಯುರೋಪಿಯನ್ ಚಿತ್ರಕಾರರು ಆಸ್ಥಾನಕ್ಕೆ ಬಂದಾಗ, ಅವರೂ ಪಾಠ ಹೇಳಲಿಲ್ಲ. ತಾವು ಬರೆಯುವುದನ್ನು ನೋಡಲಷ್ಟೇ ಬಿಟ್ಟರು. ನೋಡಿದ್ದನ್ನು ಕೋಣೆಗೆ ಹೋಗಿ ತಾವೇ ಮಾಡಿ, ಕೆಡಿಸಿ, ಮತ್ತೆ ಮಾಡಿ ರವಿವರ್ಮರು ಕಲಿತರು. ಗುರುವಿಲ್ಲದೆ ಕಲಿತ ಏಕಲವ್ಯನ ಕಥೆ ಇಲ್ಲಿ ಸಹಜವಾಗಿ ನೆನಪಾಗುತ್ತದೆ.

ನಮ್ಮ ಕರಾವಳಿಗೂ ಅವರ ಬಾಳಿಗೂ ಒಂದು ನಂಟಿದೆ. 1870ರಲ್ಲಿ ಅವರು ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಹಿಡಿದು ಭಜನೆ ಮಾಡಿದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಅಲ್ಲಿಂದ ಮರಳುವಾಗ ಕಲ್ಲಿಕೋಟೆಯಲ್ಲಿ ಸಬ್ ಜಡ್ಜ್ ಆಗಿದ್ದ ಕಿಳಕ್ಕೆ ಪಾಲಾಟ್ ಕೃಷ್ಣ ಮೆನೋನ್ ಅವರ ಕುಟುಂಬದ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಹಣ ಪಡೆದು ಬರೆದುಕೊಟ್ಟ ಅವರ ಮೊದಲ ಚಿತ್ರ ಅದೆಂದೇ ಪ್ರಸಿದ್ಧಿ. ಅರಸು ಮನೆತನದವರೊಬ್ಬರು ಚಿತ್ರ ಬರೆದು ಸಂಬಳ ಪಡೆಯುವುದೆಂದರೆ ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ.

ಕೀರ್ತಿ ಬಂದ ಬಗೆ

1873ರಲ್ಲಿ, ಮುಡಿಗೆ ಮಲ್ಲಿಗೆ ಮುಡಿಯುವ ನಾಯರ್ ಹೆಣ್ಣಿನ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು. ಅದೇ ಚಿತ್ರ ವಿಯೆನ್ನಾದಲ್ಲೂ ಬಹುಮಾನ ಗಳಿಸಿತು. ತಾವರೆಯ ಎಲೆಯ ಮೇಲೆ ಓಲೆ ಬರೆಯುವ ಶಕುಂತಲೆಯ ಚಿತ್ರವನ್ನು ಮದರಾಸಿನ ಗವರ್ನರರೇ ಕೊಂಡುಕೊಂಡರು. ಮೈಸೂರಿನ ಚಾಮರಾಜೇಂದ್ರ ಒಡೆಯರು 1885ರಲ್ಲಿ ಅವರನ್ನು ಕರೆಸಿಕೊಂಡರು. ಬರೋಡದ ಸಯಾಜಿರಾವ್ ಗಾಯಕವಾಡರು ರಾಮಾಯಣ, ಮಹಾಭಾರತಗಳ ಪ್ರಸಂಗಗಳನ್ನು ಕುರಿತು 14 ಚಿತ್ರಗಳನ್ನು ಬರೆಯಲು ಒಪ್ಪಿಸಿದರು. ಆ ಕೆಲಸಕ್ಕೆಂದು ರವಿವರ್ಮರು ತಮ್ಮ ಸಿ. ರಾಜರಾಜವರ್ಮರೊಡನೆ ಉತ್ತರ ಭಾರತವನ್ನೆಲ್ಲ ಸುತ್ತಿ, ಜನರ ಉಡುಗೆ ತೊಡುಗೆಗಳನ್ನು ಕಂಡುಬಂದರು. ಕೊನೆಗೆ ಅವರಿಗೆ ಒಪ್ಪಿಗೆಯಾದದ್ದು ಸೀರೆ. ಇಂದು ನಮ್ಮ ಕಣ್ಣಿಗೆ ಲಕ್ಷ್ಮಿಯೆಂದರೆ ಸೀರೆ ಉಟ್ಟವಳು ಎಂದು ತೋರುವುದರಲ್ಲಿ ಆ ಆಯ್ಕೆಯ ಪಾಲು ದೊಡ್ಡದು. 1893ರ ಚಿಕಾಗೊ ಮೇಳಕ್ಕೆ ಅವರು 10 ಚಿತ್ರಗಳನ್ನು ಕಳುಹಿಸಿ ಎರಡು ಪದಕಗಳನ್ನು ಪಡೆದರು.

ಬರೋಡದ ಚಿತ್ರಗಳನ್ನು ಅರಮನೆಯಲ್ಲಿ ಇಡುವ ಮೊದಲು ಜನರಿಗೆ ತೋರಿಸಿದಾಗ ನೋಡಲು ಜನ ಮುಗಿಬಿದ್ದರು. ಹಾಗೆ ಬಂದವರಲ್ಲಿ ಚಿತ್ರ ಕೊಳ್ಳುವ ಶಕ್ತಿ ಎಷ್ಟು ಮಂದಿಗಿತ್ತು? ಒಂದು ತೈಲಚಿತ್ರ ಒಂದೇ ಗೋಡೆಯನ್ನು ಅಲಂಕರಿಸಬಲ್ಲುದು. ಆ ಗೋಡೆ ಅರಸನದ್ದೇ ಆಗಿರುತ್ತಿತ್ತು. ಹಿಂದೆ ತಿರುವಿದಾಂಕೂರಿನಲ್ಲೂ ಬಳಿಕ ಬರೋಡದಲ್ಲೂ ದಿವಾನರಾಗಿದ್ದ ಸರ್ ಟಿ. ಮಾಧವರಾಯರು 1884ರಷ್ಟು ಹಿಂದೆಯೇ ಇದಕ್ಕೆ ದಾರಿ ಸೂಚಿಸಿದ್ದರು. ಕೆಲವು ಚಿತ್ರಗಳನ್ನು ಯುರೋಪಿಗೆ ಕಳುಹಿಸಿ, ಬಣ್ಣದ ಅಚ್ಚು ಹಾಕಿಸಿ ಹಂಚಿದರೆ ಕೀರ್ತಿಯೂ ಬರುವುದು, ದೇಶಕ್ಕೂ ಉಪಕಾರವಾಗುವುದು ಎಂಬುದು ಅವರ ಸಲಹೆಯಾಗಿತ್ತು. ಹತ್ತು ವರ್ಷಗಳ ಬಳಿಕ ರವಿವರ್ಮರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಚ್ಚುಕೂಟವನ್ನು ಇಲ್ಲಿಯೇ ತೆರೆದರು.

ಕಲ್ಲಿನ ಮೇಲಿನ ಚಿತ್ರ

1894ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಪಾಲುದಾರರೊಬ್ಬರೊಡನೆ ಸೇರಿ ಅವರು ಅಚ್ಚುಕೂಟವನ್ನು ಸ್ಥಾಪಿಸಿದರು. ಯಂತ್ರಗಳು ಜರ್ಮನಿಯಿಂದ ಬಂದವು. ನಡೆಸುವ ಕುಶಲಿಗರೂ ಅಲ್ಲಿಯವರೇ. ಶಕುಂತಲೆಯ ಜನನದ ಚಿತ್ರ ಮೊದಲು ಹೊರಬಂತು.

ಈ ಅಚ್ಚಿನ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿದರೆ ಗೋಡೆಯ ಪಟದ ಬೆಲೆ ತಿಳಿದೀತು. ನುಣುಪಾಗಿ ಉಜ್ಜಿದ ಸುಣ್ಣಕಲ್ಲಿನ ಹಲಗೆಯ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರವನ್ನು ತಿರುಗುಮುರುಗಾಗಿ ಬರೆಯುತ್ತಾರೆ. ಬಳಿಕ ಕಲ್ಲನ್ನು ನೀರಿನಿಂದ ಒದ್ದೆ ಮಾಡುತ್ತಾರೆ. ಜಿಡ್ಡಿಗೂ ನೀರಿಗೂ ಆಗದು. ಆದುದರಿಂದ ಉರುಳೆಯಿಂದ ಬಣ್ಣ ಹಚ್ಚಿದಾಗ ಅದು ಗೆರೆಯಿದ್ದಲ್ಲಿ ಮಾತ್ರ ಹಿಡಿಯುತ್ತದೆ, ಬರಿಯ ಕಲ್ಲಿನ ಮೇಲೆ ನಿಲ್ಲುವುದಿಲ್ಲ. ಒಂದು ಕಲ್ಲಿಗೆ ಒಂದೇ ಬಣ್ಣ. ಲಕ್ಷ್ಮಿಯ ಕೆನ್ನೆಗೆ ಒಂದು, ಸೀರೆಯ ಕೆಂಪಿಗೆ ಇನ್ನೊಂದು, ನೀರಿನ ನೀಲಿಗೆ ಮತ್ತೊಂದು. ಹೀಗೆ ಒಂದೇ ಹಾಳೆ ಹತ್ತಾರು ಸಲ ಯಂತ್ರದೊಳಗೆ ಹೋಗಿ ಬರಬೇಕು. ಕೂದಲೆಳೆಯಷ್ಟು ಜರುಗಿದರೂ ದೇವಿಯ ಕಣ್ಣು ಒಂದು ಕಡೆ, ರೆಪ್ಪೆ ಒಂದು ಕಡೆ. ಕೊನೆಗೆ ವಾರ್ನಿಶ್ ಬಳಿದು, ಕ್ಯಾನ್ವಾಸ್ ಬಟ್ಟೆಯಂತೆ ಕಾಣಲೆಂದು ಹಾಳೆಗೆ ನೆಯ್ಗೆಯ ಗುರುತು ಒತ್ತುವುದೂ ಇತ್ತು. ತೈಲಚಿತ್ರವನ್ನು ಹೋಲುವ ಇಂಥ ಅಚ್ಚಿಗೆ ಓಲಿಯೋಗ್ರಾಫ್ ಎಂದು ಹೆಸರು.

ಆ ಕಾಲದ ಸಾಮಾಜಿಕ ಸ್ಥಿತಿಯನ್ನು ಒಮ್ಮೆ ನೆನೆಯಬೇಕು. ತಿರುವಿದಾಂಕೂರಿನಲ್ಲಿ ದೇವಾಲಯಗಳ ಬಾಗಿಲು ಎಲ್ಲ ಹಿಂದೂಗಳಿಗೂ ತೆರೆದದ್ದು 1936ರಲ್ಲಿ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಕಾಸರಗೋಡಿನಲ್ಲಿ ಅಂಥ ಕಾನೂನು ಬಂದದ್ದು 1947ರಲ್ಲಿ. ಅದಕ್ಕೂ ದಶಕಗಳ ಮೊದಲೇ ಗರ್ಭಗುಡಿಯನ್ನು ಕಾಣಲಾರದ ಮನೆಯವರಿಗೆ ಕಾಗದದ ಮೇಲಿನ ದೇವಿ ಗೋಡೆಯಿಂದಲೇ ದರ್ಶನ ಕೊಟ್ಟಳು. ಅವಳನ್ನು ಕಾಣಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ರವಿವರ್ಮರು ಇದನ್ನೇ ಉದ್ದೇಶಿಸಿದ್ದರೆಂದು ನಾವು ಹೇಳುತ್ತಿಲ್ಲ. ಆದರೆ ಆದದ್ದು ಇದು.

ಸಾಲ, ಪ್ಲೇಗು, ಮಾರಾಟ

ಚಿತ್ರಕ್ಕೆ ಒಲಿದ ಲಕ್ಷ್ಮಿ ಲೆಕ್ಕದ ಪುಸ್ತಕಕ್ಕೆ ಒಲಿಯಲಿಲ್ಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಜನ ಊರು ಬಿಟ್ಟರು. ಪಾಲುದಾರಿಕೆ ಮುರಿಯಿತು, ಸಾಲ ಬೆಳೆಯಿತು. ಅಚ್ಚುಕೂಟವನ್ನು ಘಾಟಕೋಪರಕ್ಕೂ, 1899ರಲ್ಲಿ ಲೋನಾವಳಾದ ಬಳಿಯ ಮಳವಳಿ ಎಂಬ ಹಳ್ಳಿಗೂ ಸಾಗಿಸಬೇಕಾಯಿತು. ವ್ಯವಹಾರದ ಭಾರವನ್ನು ಹೊತ್ತವರು ತಮ್ಮ ರಾಜರಾಜವರ್ಮರು. ತಾವೂ ಒಳ್ಳೆಯ ಚಿತ್ರಕಾರರಾಗಿದ್ದು, ಅಣ್ಣನ ನೆರಳಿನಲ್ಲೇ ಬಾಳು ಸವೆಸಿದವರು. ಅಣ್ಣ ಚಿತ್ರ ಬರೆದು ಗಳಿಸಿದ್ದನ್ನು ಅಚ್ಚುಕೂಟ ನುಂಗುತ್ತಿತ್ತು.

ಕೊನೆಗೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲೇ ಅಚ್ಚುಕೂಟವನ್ನು ಅಲ್ಲಿ ದುಡಿಯುತ್ತಿದ್ದ ಜರ್ಮನ್ ಕುಶಲಿಗ ಫ್ರಿಟ್ಸ್ ಶ್ಲೈಷರ್ ಅವರಿಗೆ ಮಾರಿದರು. 89 ಚಿತ್ರಗಳನ್ನು ಅಚ್ಚು ಹಾಕುವ ಹಕ್ಕೂ ಸೇರಿ ಬಂದ ಹಣ 25,000 ರೂಪಾಯಿ.

ಜಾಹೀರಾತಿನ ಕಥೆ ಬೆಳೆದದ್ದು ಇಲ್ಲಿಂದ. ಶ್ಲೈಷರ್ ವ್ಯಾಪಾರ ಬಲ್ಲವರು. ದೇವರ ಪಟಗಳ ಜತೆಗೆ ಕ್ಯಾಲೆಂಡರು, ಪೋಸ್ಟ್ ಕಾರ್ಡು, ಸರಕಿಗೆ ಅಂಟಿಸುವ ಚೀಟಿ, ಕಂಪೆನಿಗಳ ಜಾಹೀರಾತು ಎಲ್ಲವನ್ನೂ ಅಚ್ಚು ಹಾಕಿದರು. ದೇವರ ಚಿತ್ರವಿರುವ ಕ್ಯಾಲೆಂಡರನ್ನು ಯಾರೂ ಹರಿದು ಬಿಸಾಡುವುದಿಲ್ಲ. ವರ್ಷ ಕಳೆದರೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಅದರ ಜತೆಗೆ ಅಂಗಡಿಯ ಹೆಸರೂ ಗೋಡೆಯಲ್ಲಿ ಉಳಿಯುತ್ತದೆ. ವ್ಯಾಪಾರಿಗಳು ಈ ಗುಟ್ಟನ್ನು ಬೇಗನೆ ಕಂಡುಕೊಂಡರು. ಸಾಬೂನು, ಔಷಧಿ, ಬಟ್ಟೆಯ ಗಿರಣಿ, ಬೆಂಕಿಪೆಟ್ಟಿಗೆ, ಹೀಗೆ ಸರಕು ಯಾವುದೇ ಇರಲಿ, ಅದನ್ನು ಹೊತ್ತು ತಂದವಳು ರವಿವರ್ಮರ ಲಕ್ಷ್ಮಿ ಅಥವಾ ಅವಳನ್ನು ನೋಡಿ ಬೇರೆಯವರು ಬರೆದ ಲಕ್ಷ್ಮಿ. ಮುಂದೆ ಭಾರತೀಯ ಚಲನಚಿತ್ರದ ಪಿತಾಮಹರೆನಿಸಿದ ದಾದಾಸಾಹೇಬ್ ಫಾಲ್ಕೆಯವರೂ ಈ ಅಚ್ಚುಕೂಟದಲ್ಲಿ ಕೆಲಸ ಮಾಡಿದವರೇ.

ರವಿವರ್ಮರ ಕೊನೆಯ ವರ್ಷಗಳಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅವರಿಂದ ಪುರಾಣದ ಚಿತ್ರಗಳನ್ನು ಬರೆಸಿದರು. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ ಅವರ ಚಿತ್ರಗಳಿಗೆ ಇಂದಿಗೂ ಹೆಸರುವಾಸಿ. 1905ರ ಆರಂಭದಲ್ಲಿ ತಮ್ಮ ತೀರಿಕೊಂಡರು. ಎಡಗೈ ಬಲಗೈಯಂತಿದ್ದ ಜೋಡಿ ಒಡೆಯಿತು. 1906ರ ಅಕ್ಟೋಬರ್ 2ರಂದು ರವಿವರ್ಮರೂ ಕಣ್ಮುಚ್ಚಿದರು. ವಯಸ್ಸು 58.

ನಿಂದೆಯೂ ಮರುಬೆಲೆಯೂ

ಅವರು ತೀರಿಕೊಂಡ ಬಳಿಕ ಅವರ ಕಲೆಯ ಮಾನವೂ ಇಳಿಯಿತು. ಕಲ್ಕತ್ತೆಯ ಹೊಸ ಪಂಥದವರು ಇದನ್ನು ಪಾಶ್ಚಾತ್ಯರ ನಕಲು ಎಂದು ಜರೆದರು. ಕ್ಯಾಲೆಂಡರ್ ಚಿತ್ರವೆಂಬುದೇ ಒಂದು ಬೈಗುಳವಾಯಿತು. 1972ರಲ್ಲಿ ಮಳವಳಿಯ ಅಚ್ಚುಕೂಟ ಬೆಂಕಿಗೆ ಆಹುತಿಯಾಯಿತು. 1979ರಲ್ಲಿ ಭಾರತ ಸರಕಾರ ರವಿವರ್ಮರ ಕೃತಿಗಳನ್ನು ರಾಷ್ಟ್ರದ ಕಲಾನಿಧಿಯೆಂದು ಸಾರಿ, ಹೊರದೇಶಕ್ಕೆ ಸಾಗಿಸುವುದನ್ನು ತಡೆಯಿತು. ಆಮೇಲೆ ಅಚ್ಚಿನ ಪಟಗಳಿಗೂ ಕಾಲ ಬಂತು. ಇಂದು ಅವನ್ನೂ ಅವನ್ನು ಬಳಸಿದ ಹಳೆಯ ಜಾಹೀರಾತುಗಳನ್ನೂ ಹುಡುಕಿ, ಸರಿಪಡಿಸಿ, ಕಾಪಿಡುವ ಸಂಗ್ರಾಹಕರು ದೇಶದ ಹಲವೆಡೆ ಇದ್ದಾರೆ. ರವಿವರ್ಮರ ಹೆಸರಿನ ಪ್ರತಿಷ್ಠಾನವೊಂದು ಬೆಂಗಳೂರಿನಲ್ಲೇ ಇದೆ.

ಹಾಗಾದರೆ ನಮ್ಮ ಅಟ್ಟದಲ್ಲಿರುವುದು ಏನೆಂದು ತಿಳಿಯುವುದು ಹೇಗೆ? ಪಟದ ಅಂಚನ್ನು ನೋಡಿ. ಮುಂಬಯಿಯ ರವಿವರ್ಮ ಎಫ್.ಎ.ಎಲ್. ಪ್ರೆಸ್ ಎಂದೋ, ಕಾರ್ಲಾ-ಲೋನಾವಳಾ ಎಂದೋ ಇಂಗ್ಲಿಷಿನಲ್ಲಿ ಸಣ್ಣಕ್ಷರಗಳಿದ್ದರೆ ಅದು ಒಂದು ಗುರುತು. ಭೂತಗನ್ನಡಿಯಿಂದ ನೋಡಿದಾಗ ಬಣ್ಣದ ಚುಕ್ಕಿಗಳು ಕೈಯಿಂದ ಇಟ್ಟಂತೆ ಅಡ್ಡಾದಿಡ್ಡಿಯಾಗಿದ್ದರೆ ಅದು ಕಲ್ಲಚ್ಚು. ಸಾಲಾಗಿ ಒಂದೇ ಅಳತೆಯಲ್ಲಿದ್ದರೆ ಈಚಿನ ಮುದ್ರಣ.

ಸಿಕ್ಕಿದ ಪಟವನ್ನು ಒದ್ದೆ ಬಟ್ಟೆಯಿಂದ ಒರಸಬೇಡಿ. ಹರಿದಲ್ಲಿ ಸೆಲ್ಲೋ ಟೇಪ್ ಹಚ್ಚಬೇಡಿ. ಅದರ ಅಂಟು ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಮತ್ತೆ ಬಿಡಿಸಲಾಗದು. ನಮ್ಮ ಮಳೆಗಾಲದಲ್ಲಿ ಗೋಡೆಯ ತೇವವೇ ದೊಡ್ಡ ಶತ್ರು. ಪಟ ಗೋಡೆಗೆ ತಾಗದಂತೆ ಸ್ವಲ್ಪ ಅಂತರವಿಡಿ. ಬಿಸಿಲು ನೇರವಾಗಿ ಬೀಳದಿರಲಿ. ಬೂಷ್ಟು ಹಿಡಿದಿದ್ದರೆ ಚೆನ್ನಾಗಿ ಒಣಗಿದ ಮೇಲೆ ಮನೆಯ ಹೊರಗೆ, ಮೂಗು ಬಾಯಿ ಮುಚ್ಚಿಕೊಂಡು, ಮೆತ್ತನೆಯ ಬ್ರಷ್‌ನಿಂದ ಹಗುರವಾಗಿ ಝಾಡಿಸಿ. ಬಣ್ಣ ಏಳುತ್ತಿದ್ದರೆ ಮುಟ್ಟಲೇಬೇಡಿ. ಹಿಂದಿನ ಮರದ ಹಲಗೆಯ ಹುಳಿ ಕಾಗದವನ್ನು ಕಂದಾಗಿಸುತ್ತದೆ. ಕಾಗದ ಅದಕ್ಕೆ ಅಂಟಿಕೊಂಡಿರದಿದ್ದರೆ ಮಾತ್ರ ಹಲಗೆ ತೆಗೆದು ಹುಳಿಯಿಲ್ಲದ ರಟ್ಟು ಇಡಿಸಿ. ಹರಿದುದನ್ನು ಜೋಡಿಸುವ ಕೆಲಸವನ್ನು ಬಲ್ಲವರಿಗೇ ಬಿಡಿ. ಅವರು ತೆಳುವಾದ ಜಪಾನಿ ಕಾಗದವನ್ನು ಬೇಕಾದಾಗ ನೀರಿನಿಂದ ಬಿಡಿಸಬಹುದಾದ ಗಂಜಿಯಂಟಿನಿಂದ ಹಿಂಬದಿಗೆ ಹಚ್ಚುತ್ತಾರೆ. ಕೆಳಗಿನ ಅಂಗಡಿಯ ಹೆಸರನ್ನು ಅಂದಗೆಡುತ್ತದೆಂದು ಕತ್ತರಿಸಬೇಡಿ. ಪಟ ಎಲ್ಲಿಂದ ಬಂತು, ಯಾರು ಹಂಚಿದರು ಎಂಬ ಕಥೆ ಇರುವುದು ಅಲ್ಲಿಯೇ.

ಭಾಷೆಯಲ್ಲಿ ಅಲ್ಪಸಂಖ್ಯಾತರಾದ ನಮಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಅಂಥ ಕೆಲವು ಕ್ಯಾಲೆಂಡರುಗಳ ಅಂಚಿನಲ್ಲಿ ಕನ್ನಡದಲ್ಲಿ ಅಂಗಡಿಯ ಹೆಸರಿದೆ, ತಿಥಿವಾರವಿದೆ. ನಮ್ಮ ಅಜ್ಜಂದಿರು ಯಾವ ಭಾಷೆಯಲ್ಲಿ ವ್ಯಾಪಾರ ಮಾಡಿದರು, ಯಾವ ಭಾಷೆಯಲ್ಲಿ ದಿನ ಎಣಿಸಿದರು ಎಂಬುದಕ್ಕೆ ಅವು ಗೋಡೆಯ ಮೇಲಿನ ಸಾಕ್ಷಿ. ರವಿವರ್ಮರ ತೈಲಚಿತ್ರಗಳನ್ನು ಕಾಯಲು ಅರಮನೆಗಳಿವೆ, ಸರಕಾರವಿದೆ. ಕಾಗದದ ಪಟಗಳನ್ನು ಕಾಯಬೇಕಾದವರು ನಾವೇ. ಈ ಸಲ ಮಳೆ ಹಿಡಿಯುವ ಮೊದಲು ಒಮ್ಮೆ ಅಟ್ಟ ಹತ್ತಿ ನೋಡಿ ಎಂದು ಓದುಗರಲ್ಲಿ ನಮ್ಮ ವಿನಂತಿ.